ವೈನಿನ ಎರಡನೆಯ ಹುದುಗುವಿಕೆ ಮುಗಿಯಿತೇ?

ಕುಷ್ಟಗಿ, ಯಲಬುರ್ಗಾ ಕಡೆಯ ದ್ರಾಕ್ಷಿ, ದಾಳಿಂಬೆ ತೋಟಗಳನ್ನು ನೀವು ನೋಡಿರಬಹುದು. ವೈನಿಗೆಂದೇ ಕ್ಯಾಬರ್ನೆ ಸಾವಿನ್ಯೋನ್ ತಳಿ ಬೆಳೆಯುವ ಕ್ರಸ್ಮಾ ಎಸ್ಟೇಟ್ಸ್ ಇರುವುದೂ ಕುಷ್ಟಗಿ ತಾಲ್ಲೂಕಿನಲ್ಲೇ. ದೊಡ್ಡ ಘಟಕವಿರಲಿ, ಮನೆಯ ಜಾಡಿಯಿರಲಿ (ಮನೆಯಲ್ಲಿ ಮಾಡುವ ಮುನ್ನ ಅಬಕಾರಿ ನಿಯಮ ವಿಚಾರಿಸಿ), ವೈನ್ ಮಾಡುವವರಿಗೆ ಎದುರಾಗುವ ಪ್ರಶ್ನೆ ಒಂದೇ: ಸೀಸೆಗೆ ಬಿರಡೆ ಹಾಕುವುದು ಯಾವಾಗ?

ಮೊದಲು ಯೀಸ್ಟ್ ಸಕ್ಕರೆಯನ್ನು ಆಲ್ಕೊಹಾಲ್ ಆಗಿಸುತ್ತದೆ. ಬಳಿಕ ಈನೊಕಾಕಸ್ ಈನಿಯಂಥ ಬ್ಯಾಕ್ಟೀರಿಯ ಚುರುಕು ಹುಳಿಯ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 2 ಗ್ರಾಂ ಮ್ಯಾಲಿಕ್ ಆಮ್ಲ ಉಳಿದಿರುವಾಗಲೇ ಬಿರಡೆ ಹಾಕಿದಿರೆನ್ನಿ. ಅದು ಪೂರ್ತಿ ಬದಲಾದರೆ ಸುಮಾರು 0.66 ಗ್ರಾಂ ಅನಿಲ, ಅಂದರೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 370 ಮಿ.ಲೀ. ಹುಟ್ಟುತ್ತದೆ. ವೈನ್ ನೊರೆಯುತ್ತದೆ, ಬಿರಡೆ ಹಾರಲೂಬಹುದು.

ಗುಳ್ಳೆ ನೋಡಿ ನಿರ್ಧರಿಸಬಹುದೇ? ಆಗದು. ವೈನ್ ಬಿಸಿಯಾದರೆ ಅದರಲ್ಲಿ ಕರಗಿದ್ದ ಅನಿಲವೂ ಗುಳ್ಳೆಯಾಗಿ ಏಳುತ್ತದೆ. ಹೈಡ್ರೋಮೀಟರ್ ಸಕ್ಕರೆಯ ಸುದ್ದಿ ಹೇಳುತ್ತದೆಯೇ ಹೊರತು ಈ ಆಮ್ಲದ ಸುದ್ದಿಯನ್ನಲ್ಲ. ನಂಬಬಹುದಾದ ಸುಲಭ ಸಾಧನ ಕಾಗದ ವರ್ಣರೇಖನ. ಇದರ ಮೂಲತತ್ತ್ವಕ್ಕಾಗಿ ಮಾರ್ಟಿನ್ ಮತ್ತು ಸಿಂಜ್ 1952ರ ರಸಾಯನ ವಿಜ್ಞಾನದ ನೊಬೆಲ್ ಪಡೆದರು.

ಕಾಲೇಜಿನ ಪ್ರಯೋಗಶಾಲೆಯಲ್ಲಿ 100 ಮಿ.ಲೀ. ಬ್ಯೂಟನಾಲ್, 100 ಮಿ.ಲೀ. ನೀರು, 10.7 ಮಿ.ಲೀ. ಫಾರ್ಮಿಕ್ ಆಮ್ಲ, 15 ಮಿ.ಲೀ. ಶೇ. 1ರ ಬ್ರೋಮೊಕ್ರೆಸಾಲ್ ಗ್ರೀನ್ ಸೂಚಕ ಸೇರಿಸಿ ಕುಲುಕಿ. ಪದರಗಳು ಬೇರ್ಪಟ್ಟ ಮೇಲೆ ಮೇಲಿನದನ್ನಷ್ಟೇ ಇಟ್ಟುಕೊಳ್ಳಿ. ಫಾರ್ಮಿಕ್ ಆಮ್ಲ ಚರ್ಮ ಸುಡುತ್ತದೆ. ಕೈಗವಸು ತೊಡಿ, ಗಾಳಿಯಾಡುವ ಕಡೆ ಮಾಡಿ. ಶೋಧಕ ಕಾಗದದ ಅಂಚಿನಿಂದ 2.5 ಸೆಂ.ಮೀ. ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಅದರ ಮೇಲೆ ಶುದ್ಧ ಮ್ಯಾಲಿಕ್, ಲ್ಯಾಕ್ಟಿಕ್ ಆಮ್ಲಗಳ ದ್ರಾವಣ, ಮೊದಲ ದಿನದ ರಸ, ಇಂದಿನ ವೈನ್, ಹೀಗೆ ಒಂದೊಂದು ಚುಕ್ಕೆ ಇಡಿ. ಚುಕ್ಕೆಗಳು ದ್ರಾವಕದಲ್ಲಿ ಮುಳುಗದಂತೆ ಕಾಗದವನ್ನು ಮುಚ್ಚಿದ ಜಾಡಿಯಲ್ಲಿ ನಿಲ್ಲಿಸಿ.

ಲೋಮನಾಳ ಕ್ರಿಯೆಯಿಂದ ದ್ರಾವಕ ಮೇಲೇರುತ್ತದೆ. ನೀರನ್ನು ಹೆಚ್ಚು ಬಯಸುವ ಟಾರ್ಟಾರಿಕ್ ಆಮ್ಲ ಕಾಗದದ ತೇವಕ್ಕೆ ಅಂಟಿ ಹಿಂದುಳಿಯುತ್ತದೆ, ಮ್ಯಾಲಿಕ್ ನಡುವೆ ನಿಲ್ಲುತ್ತದೆ, ಲ್ಯಾಕ್ಟಿಕ್ ಮುಂದೆ ಓಡುತ್ತದೆ. ಕಾಗದ ಚೆನ್ನಾಗಿ ಒಣಗಿದ ಮೇಲೆ ನೀಲಿ-ಹಸಿರು ಹಿನ್ನೆಲೆಯಲ್ಲಿ ಹಳದಿ ಕಲೆಗಳು ಕಾಣುತ್ತವೆ.

ಲ್ಯಾಕ್ಟಿಕ್ ಕಲೆ ಕಂಡರೆ ಕ್ರಿಯೆ ಶುರುವಾಗಿದೆ ಎಂದಷ್ಟೇ ಅರ್ಥ. ಮ್ಯಾಲಿಕ್ ಕಲೆ ಮಾಯವಾದಾಗಲೇ ಅದು ಮುಗಿಯುವ ಹಂತ. ಮೊದಲ ದಿನದ ರಸದ ಚುಕ್ಕೆ ನಮ್ಮ ಕಡೆ ಬಹಳ ಮುಖ್ಯ. ಬಿಸಿಲಿನ ನಾಡಿನಲ್ಲಿ ದ್ರಾಕ್ಷಿ ಮಾಗುವಾಗಲೇ ಮ್ಯಾಲಿಕ್ ಆಮ್ಲ ಬಹುಪಾಲು ಕರಗಿಹೋಗುತ್ತದೆ. ಆದಿಯಲ್ಲೇ ಇಲ್ಲದ ಕಲೆ ಅಂತ್ಯದಲ್ಲಿ ಕಾಣದಿದ್ದರೆ ಅದರಿಂದ ಏನೂ ಸಿದ್ಧವಾಗದು. ದಾಳಿಂಬೆ ವೈನಾದರೆ ಇನ್ನೊಂದು ಎಚ್ಚರ: ಸಿಟ್ರಿಕ್ ಆಮ್ಲದ ಕಲೆ ಮ್ಯಾಲಿಕ್‌ನ ತುಸು ಕೆಳಗೇ ಬೀಳುತ್ತದೆ.

ಲೀಟರಿಗೆ ಸುಮಾರು 0.1 ಗ್ರಾಮಿಗಿಂತ ಕಡಿಮೆ ಮ್ಯಾಲಿಕ್ ಆಮ್ಲ ಕಾಗದಕ್ಕೆ ಕಾಣದು. ಆದ್ದರಿಂದ ಒಂದು ವಾರ ಬಿಟ್ಟು ಮತ್ತೊಮ್ಮೆ ನೋಡಿ, ಆಮೇಲೆ ಬಿರಡೆ ಹಾಕಿ.