ಉಸಿರಿನ ದಾರಿ ಕಿರಿದಾದಾಗ

ರಾಜರಾಜೇಶ್ವರಿನಗರದಲ್ಲಿ ಚಳಿಯ ಜೊತೆ ಮೈಸೂರು ರಸ್ತೆಯ ಧೂಳು, ಹೊಗೆ ಸೇರಿದಾಗ ನಿಮ್ಮ ಮಗು ರಾತ್ರಿಯೆಲ್ಲಾ ಕೆಮ್ಮುತ್ತದೆಯೇ? ಎದೆಯಲ್ಲಿ ಸಿಳ್ಳೆಯಂತಹ ಸದ್ದು ಕೇಳಿಸುತ್ತದೆಯೇ? ಬರೀ ಶೀತವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ, 1979ರಲ್ಲಿ ಆಸ್ಪತ್ರೆಗೆ ಬಂದ ಶೇ. 9 ಮಕ್ಕಳಲ್ಲಿದ್ದ ಅಸ್ತಮಾ 1999ರ ವೇಳೆಗೆ ಶೇ. 29.5ಕ್ಕೇರಿತ್ತು.

ಶ್ವಾಸನಾಳವು ಮರದ ಕೊಂಬೆಗಳಂತೆ ಕವಲೊಡೆದು ಶ್ವಾಸಕೋಶದ ಪುಟ್ಟ ಗಾಳಿಚೀಲಗಳನ್ನು ಸೇರುತ್ತದೆ. ಅಸ್ತಮಾದಲ್ಲಿ ಈ ಕವಲುಗಳ ಒಳಪದರ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ. ಆಗ ಉಸಿರನ್ನು ಹೊರಬಿಡುವುದೇ ಹೆಚ್ಚು ಕಷ್ಟ. ಹಳೆಯ ಗಾಳಿ ಒಳಗೇ ಉಳಿದು ಹೊಸ ಗಾಳಿಗೆ ಜಾಗ ಸಾಲದಾಗುತ್ತದೆ.

“ಇನ್‌ಹೇಲರ್ ಚಟವಾಗುತ್ತದೆ, ನಾಳೆ ಹುಡುಗಿಗೆ ಸಂಬಂಧ ಕೂಡಿಬರುವುದಿಲ್ಲ” ಎಂದು ಅದನ್ನು ಬಚ್ಚಿಡುವ ತಾಯಂದಿರಿದ್ದಾರೆ. ಅದು ಚಟವಲ್ಲ. ಅಲ್ಪ ಪ್ರಮಾಣದ ಔಷಧಿ ನೇರವಾಗಿ ಶ್ವಾಸನಾಳಕ್ಕೆ ತಲುಪುವ ದಾರಿ. ಊತ ತಗ್ಗಿಸುವ ಇನ್‌ಹೇಲರನ್ನು ಉಬ್ಬಸ ನಿಂತಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಮನೆಯೊಳಗೆ ಲೋಬಾನ, ಸೊಳ್ಳೆಬತ್ತಿ, ಬೀಡಿಯ ಹೊಗೆ ಬೇಡ. ಮಾತನಾಡಲೂ ಉಸಿರು ಸಾಲದಿದ್ದರೆ, ತುಟಿ ನೀಲಿಗಟ್ಟಿದರೆ, ಉಬ್ಬಸ ಇಳಿಸುವ ಇನ್‌ಹೇಲರ್ ಕೊಡುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಜನರ ಮಾತಿಗಿಂತ ಮಗುವಿನ ಉಸಿರು ದೊಡ್ಡದು.