ಚಿತ್ರಪುಸ್ತಕದ ಕಾಳಗಗಳು: ಮಕ್ಕಳಿಗೆ ಏನನ್ನು ಹೇಳಿಕೊಡೋಣ?

ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳು ಚರಿತ್ರೆಯನ್ನು ಅಕ್ಷರದಿಂದ ಕಲಿಯುವುದಕ್ಕೆ ಮೊದಲೇ ಕಣ್ಣಿನಿಂದ ಕಲಿಯುತ್ತಾರೆ. ದೀಪಾವಳಿ ಬಂದಿತೆಂದರೆ ನೆರೆಮನೆಯ ಮರಾಠಿ ಮಕ್ಕಳೊಡನೆ ಕೂಡಿ ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟುತ್ತಾರೆ. ಅದರ ನೆತ್ತಿಯ ಮೇಲೆ ಶಿವಾಜಿ ಮಹಾರಾಜರನ್ನೂ ಬುಡದಲ್ಲಿ ಮಾವಳೆ ವೀರರನ್ನೂ ನಿಲ್ಲಿಸುತ್ತಾರೆ. ಅಪ್ಪಾ ಬಳವಂತ ಚೌಕದಿಂದ ಹೊಸ ಪುಸ್ತಕಗಳನ್ನು ಕೊಂಡು ತಂದ ದಿನ, ಗಣಿತ ವ್ಯಾಕರಣಗಳನ್ನು ಬದಿಗಿಟ್ಟು ಅವರು ಮೊದಲು ಬಿಡಿಸಿ ನೋಡುವುದು ಇತಿಹಾಸದ ಚಿತ್ರಗಳನ್ನೇ.

ಇಂತಹ ಪುಸ್ತಕಗಳೊಡನೆ ಕನ್ನಡಿಗರ ನಂಟು ಹಳೆಯದು. 1967ರಲ್ಲಿ ಮುಂಬಯಿಯಲ್ಲಿ 'ಅಮರ ಚಿತ್ರ ಕಥೆ'ಯನ್ನು ಆರಂಭಿಸಿದ ಅನಂತ ಪೈಯವರು ಹುಟ್ಟಿದ್ದು ಕಾರ್ಕಳದಲ್ಲಿ. ಅದೇ ವರ್ಷ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿಯು ಈ ರಾಜ್ಯದ ಕನ್ನಡ ಶಾಲೆಗಳಿಗೂ ಕನ್ನಡದಲ್ಲಿಯೇ ಪಠ್ಯಪುಸ್ತಕಗಳನ್ನು ಒದಗಿಸುತ್ತ ಬಂದಿದೆ. ನಾಲ್ಕನೆಯ ಇಯತ್ತೆಯ ಶಿವಚರಿತ್ರೆಯನ್ನು 1970ರಿಂದ ಇಲ್ಲಿಯ ತಲೆಮಾರುಗಳೇ ಓದಿವೆ. ಧೈರ್ಯವೆಂದರೇನು, ಸ್ವಾಭಿಮಾನವೆಂದರೇನು ಎಂಬುದನ್ನು ಮಕ್ಕಳಿಗೆ ಈ ಪುಸ್ತಕಗಳು ಕಲಿಸಿವೆ. ಅವು ಬೇಡವೆನ್ನುವವರು ನಾವಲ್ಲ.

ಆದರೆ ಒಂದು ಇಕ್ಕಟ್ಟು ಉಂಟು. ಈ ಕಥೆಗಳಲ್ಲಿ ಶತ್ರುವಿನ ಸೈನ್ಯ ಹೊರಡುವುದು ವಿಜಾಪುರದಿಂದ. ಇಂಡಿಯಿಂದಲೋ ಸಿಂದಗಿಯಿಂದಲೋ ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದ ತಂದೆಯ ಮಗುವಿಗೆ ಅದು ಅಜ್ಜನ ಊರಿನ ದಾರಿ. 'ಹಾಗಾದರೆ ನಾವು ಯಾರ ಕಡೆಯವರು?' ಎಂದು ಅದು ಕೇಳಿದರೆ ಉತ್ತರವೇನು? ಇನ್ನೂ ಕಠಿಣವಾದ ಮಾತೆಂದರೆ, ಆಟದಲ್ಲಿ ಅಫಜಲಖಾನನಾಗುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರ ಬೆರಳೂ ವರ್ಗದ ಒಬ್ಬ ಮುಸಲ್ಮಾನ ಹುಡುಗನ ಕಡೆಗೆ ಹೊರಳಬಹುದು. ಮುನ್ನೂರು ನಾನೂರು ವರ್ಷಗಳ ಹಿಂದಿನ ಕತ್ತಿಯ ಗಾಯ ಅಂದು ಆ ಹುಡುಗನಿಗೆ ಆಗುತ್ತದೆ. ಮಧ್ಯಯುಗದ ಮತಯುದ್ಧಗಳನ್ನು ಕಲಿಸುವ ಬಗೆಯನ್ನು ಹಿರಿಯರು ಯೋಚಿಸಬೇಕಾದುದು ಇದಕ್ಕಾಗಿ.

ನಡೆದುದನ್ನು ಮುಚ್ಚಿಡುವುದು ಪರಿಹಾರವಲ್ಲ. ಹಂಪೆಯನ್ನು ಕಂಡ ಮಗುವಿಗೆ ಆ ಮುರಿದ ಗುಡಿಗಳು ತಾವಾಗಿಯೇ ಮುರಿದವೆಂದು ಹೇಳಲಾಗದು. ಅಫಜಲಖಾನನು ತುಳಜಾಪುರದ ಭವಾನಿಯ ಕ್ಷೇತ್ರಕ್ಕೆ ಉಪದ್ರವ ಕೊಟ್ಟನೆಂದು ಮರಾಠಿ ಬಖರಗಳು ಹೇಳುತ್ತವೆ; ಆ ತಾಯಿಯು ಅನೇಕ ಕನ್ನಡ ಮನೆತನಗಳಿಗೂ ಕುಲದೇವತೆ. ಇದನ್ನೆಲ್ಲ ಹೇಳಲೇಬೇಕು. ಆದರೆ ಅರ್ಧ ಹೇಳಿ ನಿಲ್ಲಿಸಬಾರದು. ಚಿತ್ರಕಾರನು ಎರಡು ಪಾಳೆಯಗಳನ್ನು ಬೇರೆಬೇರೆಯಾಗಿ ತೋರಿಸಬೇಕಾದವನು. ಆದುದರಿಂದ ಒಂದಕ್ಕೆ ಕೇಸರಿ ಬಣ್ಣ, ಇನ್ನೊಂದಕ್ಕೆ ಹಸಿರು, ನಾಯಕನಿಗೆ ಸೌಮ್ಯ ಮುಖ, ಎದುರಾಳಿಗೆ ಕೆಂಗಣ್ಣು. ಅದು ಚಿತ್ರಕಲೆಯ ಅನುಕೂಲವೇ ಹೊರತು ಚರಿತ್ರೆಯ ಸಾಕ್ಷ್ಯವಲ್ಲ. ಚಿತ್ರ ಬಿಟ್ಟುದನ್ನು ಮಾತಿನಿಂದ ತುಂಬಿಸುವುದು ಮನೆಯವರ ಕೆಲಸ. ಅದಕ್ಕೆ ಮೂರು ಪ್ರಶ್ನೆಗಳು ಸಾಕೆಂದು ನಮಗೆ ತೋರುತ್ತದೆ.

ಮೊದಲನೆಯದು: ಯಾವ ಪಾಳೆಯದಲ್ಲಿ ಯಾರಿದ್ದರು? 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ನಡೆದ ಭೆಟ್ಟಿಯನ್ನೇ ತೆಗೆದುಕೊಳ್ಳೋಣ. ಖಾನನ ಪರವಾಗಿ ಮಾತುಕತೆಗೆ ಬಂದ ವಕೀಲ ಕೃಷ್ಣಾಜಿ ಭಾಸ್ಕರನು ಬ್ರಾಹ್ಮಣ. ಶಿವಾಜಿ ಮಹಾರಾಜರ ಆಪ್ತ ಅಂಗರಕ್ಷಕರಲ್ಲೊಬ್ಬನು ಸಿದ್ದಿ ಇಬ್ರಾಹಿಂ. ಖಾನನ ದಂಡಿನಲ್ಲಿ ಮರಾಠಾ ಸರದಾರರೂ ಇದ್ದರು. ಮಹಾರಾಜರ ತಂದೆ ಶಹಾಜಿಯವರು ಅದೇ ವಿಜಾಪುರದ ಆದಿಲಶಾಹಿಯ ಸೇವೆಯಲ್ಲಿದ್ದು ಬೆಂಗಳೂರನ್ನು ಜಹಗೀರಾಗಿ ಪಡೆದಿದ್ದವರು. ಇಷ್ಟನ್ನು ತಿಳಿದ ಮಗುವಿಗೆ ಮಹಾರಾಜರ ಪರಾಕ್ರಮ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿ ಕಾಣುವುದಿಲ್ಲ. ಬದಲಾಗಿ, ಅವರ ಬಳಿ ಎಂತೆಂತಹ ಜನ ನಂಬಿ ನಿಂತಿದ್ದರೆಂಬುದು ತಿಳಿಯುತ್ತದೆ.

ಎರಡನೆಯ ಪ್ರಶ್ನೆ: ಅವರು ಯಾವುದಕ್ಕಾಗಿ ಕಾದಿದರು? ಇದಕ್ಕೆ 1565ರ ಜನವರಿ 23ರ ಯುದ್ಧವೇ ದೊಡ್ಡ ಪಾಠ. ರಕ್ಕಸ-ತಂಗಡಿ ಎಂಬ ಹೆಸರನ್ನು ಕೇಳಿದ ಮಗು ರಾಕ್ಷಸರನ್ನು ಕಲ್ಪಿಸಿಕೊಂಡೀತು. ರಕ್ಕಸಗಿ, ತಂಗಡಗಿ ಎಂಬುವು ಕೃಷ್ಣಾತೀರದ ಎರಡು ಹಳ್ಳಿಗಳು. ಅಲ್ಲಿ ವಿಜಾಪುರ, ಅಹಮದನಗರ, ಗೋಲಕೊಂಡ, ಬೀದರಗಳ ಸುಲ್ತಾನರು ಒಂದಾಗಿ ವಿಜಯನಗರದ ರಾಮರಾಯನನ್ನು ಸೋಲಿಸಿದರು, ಅವನ ಶಿರಚ್ಛೇದವಾಯಿತು. ಮತದ ಕೂಗು ಆ ಕೂಟವನ್ನು ಬಿಗಿದುದು ನಿಜ. ಆದರೆ ಕೆಲವೇ ವರ್ಷಗಳ ಹಿಂದೆ ಇದೇ ವಿಜಾಪುರದ ಅಲಿ ಆದಿಲಶಾಹನು ರಾಮರಾಯನೊಡನೆ ಕೂಡಿಕೊಂಡು ಅಹಮದನಗರದ ಮೇಲೆ ಏರಿಹೋಗಿದ್ದನು. ರಾಮರಾಯನ ಅರಮನೆಯಲ್ಲಿ ಅವನನ್ನು ಮಗನಂತೆ ಬರಮಾಡಿಕೊಂಡಿದ್ದರೆಂದು ಚರಿತ್ರೆಕಾರ ಫೆರಿಸ್ತಾ ಬರೆದಿದ್ದಾನೆ. ಗೋಲಕೊಂಡದ ಇಬ್ರಾಹಿಂ ಕುತುಬಶಾಹನು ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ಆಶ್ರಯ ಪಡೆದುದು ವಿಜಯನಗರದಲ್ಲಿಯೇ. ಕೃಷ್ಣಾ-ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಯ ಫಲವತ್ತಾದ ಭೂಮಿ, ಕೋಟೆಗಳು, ಕಂದಾಯ, ಹಿಂದಿನ ಅವಮಾನಗಳು, ಇವೆಲ್ಲ ಆ ರಣಕ್ಕೆ ಕಟ್ಟಿಗೆಯಾದವು.

ಪರದೇಶಗಳಲ್ಲಿಯೂ ಹೀಗೆಯೇ. ಜೆರುಸಲೇಮನ್ನು ಗೆಲ್ಲಲೆಂದು ಶಿಲುಬೆ ಹೊತ್ತು ಹೊರಟ ಯುರೋಪಿನ ಯೋಧರು 1204ರಲ್ಲಿ ಸೂರೆಗೈದುದು ಕ್ರೈಸ್ತರದೇ ಆದ ಕಾನ್‌ಸ್ಟಾಂಟಿನೋಪಲ್ ನಗರವನ್ನು. ಧ್ವಜದ ಮೇಲೆ ದೇವರ ಹೆಸರಿದ್ದರೂ ಲೂಟಿಯ ಕಣ್ಣು ಬೇರೆಡೆಗೆ ಇರಬಹುದೆಂಬುದನ್ನು ಹತ್ತು ವರ್ಷದ ಮಗುವೂ ಅರಿಯಬಲ್ಲದು.

ಮೂರನೆಯ ಪ್ರಶ್ನೆಯನ್ನು ಚಿತ್ರಪುಸ್ತಕಗಳು ಕೇಳುವುದು ಅಪರೂಪ: ಕಾಳಗ ಮುಗಿದ ಮೇಲೆ ಏನಾಯಿತು? 1565ರ ಕೂಟವನ್ನು ಭದ್ರಪಡಿಸಿದುದು ಒಂದು ಮದುವೆ. ಅಹಮದನಗರದ ರಾಜಪುತ್ರಿ ಚಾಂದಬೀಬಿಯನ್ನು ಅಲಿ ಆದಿಲಶಾಹನಿಗೆ ಕೊಟ್ಟರು. ನಮ್ಮಲ್ಲಿ ಅನೇಕರಿಗೆ ಚಿರಪರಿಚಿತವಾದ ಸೊಲ್ಲಾಪುರದ ಕೋಟೆಯೇ ಬಳುವಳಿ. ಅದೇ ಚಾಂದಬೀಬಿ ಮುಂದೆ ವಿಜಾಪುರದಲ್ಲಿ ಬಾಲಕ ಇಬ್ರಾಹಿಮನ ಪರವಾಗಿ ರಾಜ್ಯಭಾರ ನಡೆಸಿದಳು. ಬಳಿಕ 1595-96ರಲ್ಲಿ, ಈಗ ಅಹಿಲ್ಯಾನಗರವೆನಿಸಿರುವ ತನ್ನ ತವರನ್ನು ಅಕ್ಬರನ ಸೈನ್ಯದಿಂದ ಕಾಪಾಡಲು ಕೋಟೆಯ ಮೇಲೆ ನಿಂತಳು. ಆ ಬಾಲಕ ದೊಡ್ಡವನಾಗಿ 'ಜಗದ್ಗುರು' ಎಂದು ಹೆಸರಾದನು. ಸಂಗೀತದ ಮೇಲೆ 'ಕಿತಾಬೆ ನವರಸ'ವನ್ನು ರಚಿಸಿ ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದನು. ವಿಜಯನಗರವನ್ನು ಕೆಡವಿದ ಮನೆತನದಲ್ಲಿಯೇ, ಒಂದು ತಲೆಮಾರಿನೊಳಗೆ!

ಜಗಳವನ್ನು ಬಗೆಹರಿಸಿದ ಚರಿತ್ರೆಯೂ ನಮ್ಮಲ್ಲಿ ಕಲ್ಲಿನ ಮೇಲೆ ಬರೆದಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಶ್ರವಣಬೆಳಗೊಳದ ಶಾಸನ ಇಂದಿಗೂ ಅದನ್ನು ಸಾರುತ್ತದೆ. ಕತ್ತಿ ಝಳಪಿಸುವ ಚಿತ್ರದ ಪಕ್ಕದಲ್ಲಿ ಕೈಗೆ ಕೈ ಕೊಡಿಸಿದ ಆ ಅರಸನ ಚಿತ್ರವನ್ನೂ ಮಕ್ಕಳಿಗೆ ತೋರಿಸಬೇಕು.

ಬೆಳಗಿನ ಮೊದಲ ಚಹಾದಿಂದ ರಾತ್ರಿಯ ಗಲ್ಲಾಪೆಟ್ಟಿಗೆಯ ಲೆಕ್ಕದವರೆಗೆ ಹೋಟೆಲಿನಲ್ಲಿ ದುಡಿಯುವವರಿಗೂ, ಕಚೇರಿಯ ಕಡತಗಳಲ್ಲಿ ಹಗಲನ್ನು ಕಳೆಯುವ ಗುಮಾಸ್ತರಿಗೂ ಇದಕ್ಕೆಲ್ಲ ವೇಳೆ ಎಲ್ಲಿದೆ ಎಂಬ ಮಾತು ಬಂದೀತು. ಆದರೆ ಪಂಡಿತರಾಗಬೇಕಾಗಿಲ್ಲ. ವಾರದ ರಜೆಯ ದಿನ ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು ಪುಟ ತಿರುವಿದರೆ ಸಾಕು. ಯಾರು, ಯಾವುದಕ್ಕಾಗಿ, ಆಮೇಲೇನು ಎಂದು ಕೇಳಲು ಕಲಿತ ಮಗು ಶಿವಾಜಿ ಮಹಾರಾಜರಿಗೆ ಜಯಕಾರ ಹಾಕುತ್ತದೆ, ಹಂಪೆಗಾಗಿ ಮರುಗುತ್ತದೆ. ಆದರೆ ಮರುದಿನ ಶಾಲೆಯಲ್ಲಿ ತನ್ನ ಪಕ್ಕದ ಬೆಂಚಿನ ಗೆಳೆಯನಿಂದ ಆ ಸಾಲವನ್ನು ವಸೂಲು ಮಾಡಲು ಹೋಗುವುದಿಲ್ಲ.