ಇಲಿ ಎಷ್ಟು ಹೊತ್ತು ಕಾದೀತು?

ಪೆಟ್ಟಿಗೆಯ ಗೋಡೆಯಲ್ಲೊಂದು ಸಣ್ಣ ತೂತು. ಇಲಿ ಅದರೊಳಗೆ ಮೂತಿ ತೂರಿಸಿ ಅಲುಗಾಡದೆ ನಿಂತರೆ ಕೆಲವು ಸೆಕೆಂಡಿನ ನಂತರ ಕಾಳಿನಷ್ಟು ತಿಂಡಿ ಸಿಗುತ್ತದೆ. ಅವಸರಪಟ್ಟು ಮೂತಿ ಹೊರಗೆಳೆದರೆ ಆ ಸಲದ ತಿಂಡಿ ಖೋತಾ. ಜಪಾನಿನ ಒಕಿನಾವಾ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಕತ್ಸುಹಿಕೊ ಮಿಯಾಜಾಕಿ, ಕಯೊಕೊ ಮಿಯಾಜಾಕಿ ಮತ್ತು ಕೆಂಜಿ ದೋಯಾ ಇಂಥ ಸರಳ ಆಟದಿಂದಲೇ ತಾಳ್ಮೆಯ ನೆಲೆಯನ್ನು ಮಿದುಳಿನಲ್ಲಿ ಹುಡುಕುತ್ತ ಬಂದಿದ್ದಾರೆ. ಅವರ ಹುಡುಕಾಟದ ಕೇಂದ್ರದಲ್ಲಿರುವುದು ಸೆರೊಟೋನಿನ್.

ಸೆರೊಟೋನಿನ್ ಎಂದರೆ 'ಸಂತೋಷದ ರಾಸಾಯನಿಕ' ಎಂಬ ಮಾತು ಬಳಕೆಯಲ್ಲಿದೆ. ಆದರೆ ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಬಹುಪಾಲು ಇರುವುದು ಕರುಳಿನಲ್ಲಿ. 1948ರಲ್ಲಿ ಅಮೆರಿಕದ ವಿಜ್ಞಾನಿಗಳು ಅದನ್ನು ರಕ್ತದಿಂದ ಬೇರ್ಪಡಿಸಿ ಹೆಸರಿಟ್ಟರು. ಮಿದುಳಿನಲ್ಲೂ ಅದು ಇದೆ ಎಂದು ಬೆಟ್ಟಿ ಟ್ವಾರೋಗ್ ತೋರಿಸಿದ್ದು ಆಮೇಲೆ. ಮಿದುಳಿನಲ್ಲಿ ಅದನ್ನು ತಯಾರಿಸುವ ನರಕೋಶಗಳು ಬಹಳ ಕಡಿಮೆ. ಅವುಗಳ ದೊಡ್ಡ ಗುಂಪೊಂದು ಮಿದುಳಿನ ಬುಡದ 'ಡಾರ್ಸಲ್ ರಫೆ' ಎಂಬಲ್ಲಿದೆ. ಅಲ್ಲಿಂದ ಹೊರಟ ಎಳೆಗಳು ಮಿದುಳಿನ ಉದ್ದಗಲಕ್ಕೂ ಹರಡುತ್ತವೆ.

ಇಲಿ ಕಾಯುವಾಗ ಈ ಕೋಶಗಳು ಏನು ಮಾಡುತ್ತವೆ? 2011ರಲ್ಲಿ ಒಕಿನಾವಾ ತಂಡ ಅವುಗಳ ವಿದ್ಯುತ್ ಮಿಡಿತವನ್ನು ನೇರವಾಗಿ ದಾಖಲಿಸಿತು. ಇಲಿ ತಿಂಡಿಗಾಗಿ ಕಾದು ನಿಂತಷ್ಟು ಹೊತ್ತೂ ಮಿಡಿತ ಏರಿಯೇ ಇರುತ್ತಿತ್ತು. ಕಾಯುವಿಕೆಯನ್ನು ಅತಿಯಾಗಿ ಎಳೆದಾಗ, ಇಲಿ ಬೇಸತ್ತು ಹೊರಡುವ ಮೊದಲೇ ಅದು ಕುಗ್ಗುತ್ತಿತ್ತು. ಮರುವರ್ಷ ಔಷಧ ಕೊಟ್ಟು ಅದೇ ಕೋಶಗಳನ್ನು ಮಂಕಾಗಿಸಿದರು. ಸ್ವಲ್ಪ ಹೊತ್ತು ಕಾಯಲು ಇಲಿಗೆ ಏನೂ ತೊಂದರೆಯಾಗಲಿಲ್ಲ, ಹೆಚ್ಚು ಹೊತ್ತು ಕಾಯಬೇಕಾದಾಗ ಮಾತ್ರ ಅದು ಎಡವಿತು.

2014ರಲ್ಲಿ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ಬೆಳಕು ತಾಗಿದರೆ ಸೆರೊಟೋನಿನ್ ಕೋಶಗಳು ಚುರುಕಾಗುವಂತೆ ಜೀನ್ ಬದಲಿಸಿದ ಚಿಟ್ಟಿಲಿಗಳ ಮಿದುಳಿಗೆ ತೆಳುವಾದ ಬೆಳಕಿನ ತಂತು ಇಳಿಸಿದರು. ನೀಲಿ ಬೆಳಕು ಹಾಯಿಸಿದಾಗ ಚಿಟ್ಟಿಲಿಗಳು ಹೆಚ್ಚು ಹೊತ್ತು ಕಾದವು. ಬೆಳಕೇ ಹಿತವೆನಿಸಿ ನಿಂತಿರಬಹುದಲ್ಲ ಎಂಬ ಅನುಮಾನ ಸಹಜ. ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ನಡೆದ ಪ್ರಯೋಗವೊಂದು 2015ರಲ್ಲಿ ಅದನ್ನು ನಿವಾರಿಸಿತು. ಅಲ್ಲಿಯೂ ಬೆಳಕು ತಾಳ್ಮೆ ಹೆಚ್ಚಿಸಿತು, ಆದರೆ ಆ ಪ್ರಚೋದನೆಗಾಗಿಯೇ ಚಿಟ್ಟಿಲಿಗಳು ಹಂಬಲಿಸಲಿಲ್ಲ. ಅಂದರೆ ಕಾಯಿಸುತ್ತಿದ್ದದ್ದು ಸುಖವಲ್ಲ.

ಹಾಗಾದರೆ ಮತ್ತೇನು? ಒಕಿನಾವಾ ತಂಡದ 2018ರ ಫಲಿತಾಂಶ ಇದಕ್ಕೆ ಸುಳಿವು ಕೊಡುತ್ತದೆ. ನೂರಕ್ಕೆ 75 ಸಲ ತಿಂಡಿ ಸಿಗುವ ಆಟದಲ್ಲಿ ನೀಲಿ ಬೆಳಕು ತಾಳ್ಮೆಯನ್ನು ಹಿಗ್ಗಿಸಿತು. ಸಿಗುವ ಸಂಭವವನ್ನು 50ಕ್ಕೋ 25ಕ್ಕೋ ಇಳಿಸಿದಾಗ ಅದೇ ಬೆಳಕಿನಿಂದ ಏನೂ ಆಗಲಿಲ್ಲ. ತಿಂಡಿ ಬರುವ ಸಂಭವ ಹೆಚ್ಚು, ಯಾವಾಗ ಎಂದು ಮಾತ್ರ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ಪರಿಣಾಮ ಅತಿ ಹೆಚ್ಚು. ಸೆರೊಟೋನಿನ್ ಬರೀ ಬ್ರೇಕ್ ಆಗಿದ್ದರೆ ಎಲ್ಲ ಆಟದಲ್ಲೂ ಚಿಟ್ಟಿಲಿಯನ್ನು ಹಿಡಿದು ನಿಲ್ಲಿಸಬೇಕಿತ್ತು. ಸಿಕ್ಕೀತು ಎಂಬ ಮೊದಲೇ ಇರುವ ಎಣಿಕೆಗೆ ಅದು ಬಲ ಕೊಡುತ್ತದೆ ಎಂಬುದು ಸಂಶೋಧಕರ ವಿವರಣೆ. ಬಸ್ ಬರುವ ಭರವಸೆಯಿದ್ದರೆ ನಿಲ್ದಾಣದಲ್ಲಿ ಇನ್ನೂ ಹತ್ತು ನಿಮಿಷ ನಿಲ್ಲುತ್ತೇವೆ. ಆ ದಾರಿಯಲ್ಲಿ ಬಸ್ಸೇ ಅಪರೂಪವಾದರೆ ನಡೆದು ಹೊರಡುವುದೇ ಜಾಣತನ.

ಅವಸರವೂ ಒಂದೇ ಬಗೆಯದಲ್ಲ. 2004ರಲ್ಲಿ ಕೇಂಬ್ರಿಡ್ಜ್‌ನ ತಂಡವೊಂದು ಇಲಿಗಳ ಮಿದುಳಿನ ಸೆರೊಟೋನಿನ್ ಅನ್ನು ಬಹುತೇಕ ಬರಿದುಮಾಡಿತು. ಸಂಕೇತ ಬರುವ ಮುನ್ನವೇ ಮೂತಿ ಹಾಕುವ ಚಪಲ ಆ ಇಲಿಗಳಲ್ಲಿ ಹೆಚ್ಚಿತು. ಆದರೆ ಈಗಲೇ ಸಿಗುವ ಚೂರು ಬೇಕೋ, ತಡವಾಗಿ ಸಿಗುವ ಹೆಚ್ಚಿನ ಪಾಲು ಬೇಕೋ ಎಂಬ ಆಯ್ಕೆ ಬದಲಾಗಲಿಲ್ಲ. ಎಷ್ಟು ಸೆರೊಟೋನಿನ್ ಇದೆ ಎಂಬುದರ ಜೊತೆಗೆ ಅದು ಎಲ್ಲಿ ಬಿಡುಗಡೆಯಾಗುತ್ತದೆ ಎಂಬುದೂ ಮುಖ್ಯ. 2020ರಲ್ಲಿ ಒಕಿನಾವಾ ತಂಡ ಮಿದುಳಿನ ಮುಂಭಾಗದ ಎರಡು ಪ್ರದೇಶಗಳಲ್ಲಿ ಸೆರೊಟೋನಿನ್ ಎಳೆಗಳನ್ನು ಪ್ರಚೋದಿಸಿದಾಗ ತಾಳ್ಮೆ ಹೆಚ್ಚಿತು. ಬಹುಮಾನದ ಆಸೆಗೆ ಹೆಸರಾದ ನ್ಯೂಕ್ಲಿಯಸ್ ಅಕಂಬೆನ್ಸ್‌ನಲ್ಲಿ ಅದೇ ಪ್ರಚೋದನೆಯಿಂದ ಏನೂ ಆಗಲಿಲ್ಲ. ಆದ್ದರಿಂದ ಇದನ್ನು ಓದಿ ತಾಳ್ಮೆಗೆ ಮಾತ್ರೆ ಹುಡುಕಿಕೊಂಡು ಔಷಧದ ಅಂಗಡಿಗೆ ಓಡಬೇಕಾಗಿಲ್ಲ.

ಮನುಷ್ಯರ ತಾಳ್ಮೆಯೂ ಭರವಸೆಯನ್ನು ನೆಚ್ಚಿಕೊಂಡಿದೆ. ಅಮೆರಿಕದ ರಾಚೆಸ್ಟರ್‌ನಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 28 ಪುಟ್ಟ ಮಕ್ಕಳ ಮುಂದೆ ಒಂದೊಂದು ಮಾರ್ಷ್‌ಮ್ಯಾಲೋ ಮಿಠಾಯಿ ಇಟ್ಟು, ತಿನ್ನದೆ ಕಾದರೆ ಇನ್ನೊಂದು ಕೊಡುವುದಾಗಿ ಹೇಳಿದರು. ಅದಕ್ಕೆ ಮುಂಚೆ ಅರ್ಧದಷ್ಟು ಮಕ್ಕಳಿಗೆ ಒಳ್ಳೆಯ ಬಣ್ಣದ ಕಡ್ಡಿ ತರುತ್ತೇವೆಂದು ಹೇಳಿ, ತಂದುಕೊಡದೆ ಮಾತು ತಪ್ಪಿದ್ದರು. ಆ ಮಕ್ಕಳು ಸರಾಸರಿ 3 ನಿಮಿಷ ಕಾದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು 12 ನಿಮಿಷ ಕಾದರು. ಇಲ್ಲಿ ಯಾರೂ ಸೆರೊಟೋನಿನ್ ಅಳೆದಿಲ್ಲ, ನಿಜ. ಆದರೂ ಕೈಗೆ ಸಿಕ್ಕಿದ್ದನ್ನು ತಕ್ಷಣ ಬಾಯಿಗೆ ಹಾಕಿಕೊಂಡ ಮಗುವನ್ನು ಮನೋಬಲವಿಲ್ಲದ್ದು ಎಂದು ಜರೆಯುವ ಮೊದಲು, ಅದಕ್ಕೆ ಕೊಟ್ಟ ಮಾತುಗಳಲ್ಲಿ ಎಷ್ಟು ನಡೆದಿವೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.